ಗುಂಡು ಬ್ರಷ್ಷು ಬೇಡ

ನಜೀರ್ ಅಹ್ಮದನ ಜಟಕಾ ಕುದುರೆ ಬೆಳಗಿನ ರೈಲಿಗೆ ಜನರನ್ನು ತಂದು ಇಳಿಸಿದ್ದನ್ನು ಎಲ್ಲರೂ ಕಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಮದ್ದೂರು ಸ್ಟೇಷನ್ನಿನ ಎದುರಿನ ಹುಣಸೆಮರದ ಕೆಳಗೆ ಸತ್ತು ಬಿದ್ದಿತ್ತು.

ಮರಕ್ಕೆ ಒತ್ತಿಕೊಂಡಂತೆ ಪುಟ್ಟಮಾದಯ್ಯನ ಕ್ಷೌರದಂಗಡಿ. ಅವನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ಕುದುರೆ ಒಮ್ಮೆ ನಡುಗಿತು, ಮೈಯೆಲ್ಲ ಬೆವರಿತು, ಮುಂಗಾಲು ಮಡಚಿತು, ಅಷ್ಟೆ. ನೋಡನೋಡುತ್ತ ಹೊಟ್ಟೆ ಊದಿಕೊಂಡಿತು. ಮೂಗಿನಿಂದ ಇಳಿದ ರಕ್ತ ಕಪ್ಪಗೆ ಕಾಕಂಬಿಯ ಹಾಗಿತ್ತು, ಸಂಜೆಯಾದರೂ ಹೆಪ್ಪುಗಟ್ಟಲಿಲ್ಲ. ನೊಣ ಮುತ್ತಿದ ಆ ರಕ್ತವನ್ನು ದಾಟಿಕೊಂಡು ಯಾರೂ ಅಂಗಡಿಗೆ ಬರಲಿಲ್ಲ.

ಮಂಡ್ಯದಿಂದ ರೈಲಿನಲ್ಲಿ ಬಂದ ದನದ ಡಾಕ್ಟರು ನಾಲ್ಕು ಮಾರು ದೂರದಲ್ಲೇ ನಿಂತರು. ಹತ್ತಿರ ಹೋದವರನ್ನೂ ಹಿಂದಕ್ಕೆ ಕರೆದರು.

"ಚರ್ಮ ಸುಲೀಬೇಡಿ. ಗೊರಸು, ಕೂದಲು, ಒಂದು ಎಳೆ ಕೂಡ ತೆಗೀಬೇಡಿ. ಆಳುದ್ದ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿಬಿಡಿ," ಎಂದರು.

ಶಿಂಷಾ ಹೊಳೆಯಾಚೆಯ ಬೀಳಿನಲ್ಲಿ ಗುಂಡಿ ತೋಡಿದರು. ಆ ಕುದುರೆಗೆ ಮೈಯೆಲ್ಲ ಕಂದು, ಬಾಲ ಮಾತ್ರ ಬಿಳಿ. ನಜೀರ್ ದಿನಾ ಬೆಳಿಗ್ಗೆ ಅಂಟುವಾಳದ ನೊರೆ ಹಾಕಿ ತೊಳೆದು ಬಾಚುತ್ತಿದ್ದ ಬಾಲ. ಮಣ್ಣು ಹಾಕುವಾಗ ಅವನು ಆ ಕಡೆ ಮುಖ ಮಾಡಿ ನಿಂತುಬಿಟ್ಟ.

ಪುಟ್ಟಮಾದಯ್ಯ ಹಾರೆ ಹಿಡಿಯಲಿಲ್ಲ. ದೂರದಿಂದಲೇ ನೋಡಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ. ಅಂಥ ರಕ್ತವನ್ನು ಅವನು ಹಿಂದೆ ಒಂದೇ ಒಂದು ಸಲ ಕಂಡಿದ್ದ. ಹುಟ್ಟೂರು ಆತಗೂರಿನಲ್ಲಿ, ಅವನಿಗಿನ್ನೂ ಮೀಸೆ ಬಾರದ ಕಾಲ. ಹೀಗೇ ಸತ್ತ ಎತ್ತಿನ ಚರ್ಮವನ್ನು ಕೆಂಪಸಿದ್ದಯ್ಯ ಎಂಬಾತ ಸುಲಿದಿದ್ದ. ಮೂರನೆಯ ದಿನ ಅವನ ಮುಂಗೈ ಮೇಲೆ ಒಂದು ಗುಳ್ಳೆ ಎದ್ದಿತು, ನಡುವೆ ಇದ್ದಿಲಿನಂಥ ಕಪ್ಪು. "ನೋವೇ ಇಲ್ಲ ಕಣ್ರಲಾ," ಎಂದು ಜಗಲಿ ಮೇಲೆ ಕೂತು ಎಲ್ಲರಿಗೂ ಅದನ್ನು ಒತ್ತಿ ಒತ್ತಿ ತೋರಿಸಿ ನಕ್ಕಿದ್ದ. ಆರನೆಯ ದಿನ ಅವನನ್ನು ಮಣ್ಣು ಮಾಡಿದರು. ಹೆಣಕ್ಕೆ ಕ್ಷೌರ ಮಾಡಬೇಕಾಗಿದ್ದ ಪುಟ್ಟಮಾದಯ್ಯನ ಅಪ್ಪ, ದೂರ ನಿಂತು ನೀರು ಚಿಮುಕಿಸಿ ಹಿಂದಿರುಗಿದ್ದ.

ನಜೀರನ ಕುದುರೆ ಸತ್ತದ್ದು ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕನೆಯ ವರ್ಷ. ಪುಟ್ಟಮಾದಯ್ಯನ ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಮಗಳು ಪಟ್ಟಲಮ್ಮನನ್ನು ತಂಗಿಯ ಮಗ ಚಲುವರಾಜುವಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿಕೊಂಡಿದ್ದ ಮಾತು. ತಂಗಿ ಐದು ವರ್ಷದ ಮಗುವನ್ನು ಅಣ್ಣನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದ್ದಳು. ಅಂದಿನಿಂದ ಚಲುವರಾಜು ಈ ಮನೆಯ ಮಗ. ಈಗ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಪುಟ್ಟಮಾದಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಇರುವುದು ಇವನೊಬ್ಬ, ಅವಳೊಬ್ಬಳು. ಇಬ್ಬರನ್ನೂ ಒಂದು ಹಸೆಯ ಮೇಲೆ ಕೂರಿಸಿಬಿಟ್ಟರೆ ತಂಗಿಗೆ ಕೊಟ್ಟ ಮಾತೂ ತೀರಿತು, ತನ್ನ ಜೀವವೂ ತಣ್ಣಗಾಯಿತು ಎಂದುಕೊಂಡಿದ್ದ.

ಕ್ಷೌರದವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಚಪ್ಪರದ ದಿನ ಮದುವಣಿಗನಿಗೆ ಮುಖಕ್ಷೌರ ಮಾಡಿ ಉಗುರು ತೆಗೆಯುವ ಶಾಸ್ತ್ರವಾಗಬೇಕು. ಆ ಮುಖಕ್ಕೆ ತಾಕುವ ಬ್ರಷ್ಷು ಹೊಚ್ಚ ಹೊಸದಾಗಿರಬೇಕು, ಬೇರೆ ಯಾರ ಮುಖವನ್ನೂ ಕಂಡಿರಬಾರದು. ಅಂಗಡಿಯ ಹಳೆಯ ಬ್ರಷ್ಷು ಮಾಸ್ತರರ ಮುಖವನ್ನೂ ಕಂಡಿರುತ್ತದೆ, ಶಾನುಭೋಗರ ಮುಖವನ್ನೂ ಕಂಡಿರುತ್ತದೆ, ಸತ್ತವರ ಮುಖವನ್ನೂ ಕಂಡಿರುತ್ತದೆ. ಸಾವು ಕಂಡ ಬ್ರಷ್ಷು ಮದುವಣಿಗನ ಕೆನ್ನೆ ಮುಟ್ಟಬಾರದು.

ಯುದ್ಧಕ್ಕೆ ಮುಂಚೆಯಾಗಿದ್ದರೆ ಮೈಸೂರಿಗೆ ಹೋಗಿ ಬಿಲಾತಿ ಬ್ರಷ್ಷು ತರಬಹುದಿತ್ತು. ಈಗ ಹಡಗು ಬರುವಂತಿಲ್ಲ, ಬ್ರಷ್ಷು ಸಿಗುವಂತಿಲ್ಲ. ಹಾಗಾಗಿ ಅವನು ಮಳವಳ್ಳಿಯ ವಹಾಬನಲ್ಲಿಗೆ ಹೋದ. ವಹಾಬ್ ಸುಣ್ಣ ಬಳಿಯುವ ಬ್ರಷ್ಷು, ಕುದುರೆ ಉಜ್ಜುವ ಬ್ರಷ್ಷು, ಕ್ಷೌರದ ಬ್ರಷ್ಷು ಎಲ್ಲವನ್ನೂ ಕೈಯಲ್ಲೇ ಕಟ್ಟುತ್ತಿದ್ದ. ಹದಿನೈದು ವರ್ಷದ ಪರಿಚಯ.

"ಯಾವ ತಲೆ ಬೇಕು ಪುಟ್ಮಾದಣ್ಣ? ಗುಂಡೋ, ಚಪ್ಪಟೆಯೋ?" ಎಂದು ಕೇಳಿದ ವಹಾಬ್. ಅವನ ಮುಂದೆ ಮರದ ಪುಟ್ಟ ಬಟ್ಟಲೊಂದು, ನುಣ್ಣನೆಯ ಹಲಗೆಯೊಂದು ಇದ್ದವು. ಕೂದಲಿನ ಕಟ್ಟನ್ನು ತಲೆಕೆಳಗು ಮಾಡಿ ಬಟ್ಟಲೊಳಗೆ ತಟ್ಟಿದರೆ ತುದಿ ಮೊಗ್ಗಿನ ಹಾಗೆ ಗುಂಡಾಗುತ್ತದೆ. ಹಲಗೆಯ ಮೇಲೆ ತಟ್ಟಿದರೆ ಚಪ್ಪಟೆಯಾಗುತ್ತದೆ. ಆಮೇಲೆ ಬುಡಕ್ಕೆ ಕಾದ ಅರಗು ಹಾಕಿ ಮರದ ಹಿಡಿಗೆ ಕೂರಿಸುವುದು.

"ನಮ್ಮಪ್ಪನ ಕಾಲದಿಂದ ಗುಂಡೇಯ," ಎಂದ ಪುಟ್ಟಮಾದಯ್ಯ. "ನಡುವೆ ಗಟ್ಟಿ ಇರ್ತದೆ, ಒಂದ್ ಸುತ್ತು ಒತ್ತುದ್ರೆ ನೊರೆ ಗಡ್ಡದ ಬುಡಕ್ಕೆ ಇಳೀತದೆ. ಚಪ್ಪಟೆದು ಏನು, ಗೋಡೆಗೆ ಸುಣ್ಣ ಬಳ್ದಂಗೆ."

"ಈಗಿನ್ ಹುಡುಗ್ರು ಚಪ್ಪಟೆನೇ ಕೇಳ್ತಾರೆ. ನೀರು ಜಾಸ್ತಿ ಹಿಡೀತೈತೆ. ಬೇಗ ಕೆಲ್ಸ."

"ಬೇಗ ಕೆಲ್ಸ ಮಾಡೋಕೆ ನಾನೇನು ಕುರಿ ಉಣ್ಣೆ ಕತ್ತರಿಸ್ತೀನಾ ಸಾಬ್ರೇ."

ವಹಾಬ್ ನಕ್ಕ. "ನಿನ್ನ ಬಾಯಿ ಮಾತು ನಂಗೆ ಬೇಡ, ಕೈ ಹೇಳ್ಲಿ. ಎರಡೂ ಮಾಡಿ ಕಳಿಸ್ತೀನಿ. ನೊರೆ ಎಬ್ಬಿಸಿ ನೋಡು. ಯಾವ್ದು ಒಗ್ತೈತೋ ಅದು ಅಳಿಯಂಗೆ. ಇನ್ನೊಂದನ್ನ ಮದ್ವೆಗೆ ಬಂದಾಗ ವಾಪಸ್ ತಗೋತೀನಿ. ಒಂದಕ್ಕಾಗೋವಷ್ಟು ಹಳೇ ಕೂದ್ಲು ಐತೆ. ಇನ್ನೊಂದಕ್ಕೆ ಸಂತೇಲಿ ತಗೋಬೇಕು."

ಯಾವುದಕ್ಕೆ ಹಳೆಯದು, ಯಾವುದಕ್ಕೆ ಹೊಸದು ಎಂದು ಪುಟ್ಟಮಾದಯ್ಯ ಕೇಳಲಿಲ್ಲ. ಕೇಳುವ ಸಂಗತಿ ಅಂತಲೇ ಅವನಿಗೆ ಅನ್ನಿಸಲಿಲ್ಲ.

ಆ ವಾರ ನಜೀರ್ ಗಡ್ಡ ತಿದ್ದಿಸಿಕೊಳ್ಳಲು ಅಂಗಡಿಗೆ ಬಂದ. ಕುದುರೆ ಸತ್ತು ಒಂದು ತಿಂಗಳಾಗಿತ್ತು. ಸಾಲ ಸೋಲ ಮಾಡಿ ಇನ್ನೊಂದು ಕುದುರೆ ತಂದಿದ್ದ. ಕುರ್ಚಿಯಲ್ಲಿ ಕೂತವನು ಕನ್ನಡಿ ನೋಡದೆ ನೆಲ ನೋಡುತ್ತಿದ್ದ.

"ಗುಂಡಿ ತಾವ ಹೋಗಿದ್ದೆ," ಎಂದ. "ಯಾರೋ ಕೆದಕವ್ರೆ ಪುಟ್ಮಾದಣ್ಣ."

"ನರಿ ಇರ್ಬೇಕು ಬುಡಿ."

"ನರಿ ಕೆದಕಿದ್ರೆ ಮಣ್ಣು ಚೆಲ್ಲಾಡಿ ಹೋಗ್ತದೆ. ಇದು ತಿರ್ಗ ಮುಚ್ಚಿ ಮೇಲೊಂದು ಕಲ್ಲು ಮಡಗೈತೆ. ನರಿ ಕಲ್ಲು ಮಡಗ್ತದಾ?"

ಪುಟ್ಟಮಾದಯ್ಯನ ಕತ್ತಿ ನಜೀರನ ಕಿವಿಯ ಕೆಳಗೆ ನಿಂತಿತು. ಹೊರಗೆ ಹುಣಸೆಮರದ ಕೆಳಗಿನ ನೆಲ ನೋಡಿದ. ರಕ್ತ ಬಿದ್ದ ಜಾಗಕ್ಕೆ ಬೂದಿ ಸುರಿದಿದ್ದರು, ಹುಲ್ಲು ಇನ್ನೂ ಬಂದಿರಲಿಲ್ಲ.

"ಲಾಳಕ್ಕೆ ಇರ್ಬೇಕು," ಎಂದ ಕೊನೆಗೆ. "ಯುದ್ಧ ಬಂದ್ಮೇಲೆ ಕಬ್ಬಿಣ ಎಲ್ಲಿ ಸಿಗ್ತದೆ? ಲಾಳ ಕಿತ್ಕೊಂಡು ಹೋಗವ್ರೆ."

"ಹಂಗೇ ಇರ್ಲಿ," ಎಂದ ನಜೀರ್. "ಲಾಳ ತಾನೆ, ಹೋಗ್ಲಿ."

ಮದುವೆಗೆ ಆರು ದಿನ ಇರುವಾಗ ಗುರುವಾರ ಬ್ರಷ್ಷುಗಳು ಬಂದವು. ತಂದವಳು ಚಿಕ್ಕಬೋರಮ್ಮ. ಮಳವಳ್ಳಿಯಿಂದ ಮದ್ದೂರಿಗೆ ದಿನಬಿಟ್ಟು ದಿನ ಬಸ್ಸಿನಲ್ಲಿ ವೀಳ್ಯದೆಲೆಯ ಪೆಂಡಿ ತರುವ ಮುದುಕಿ. ದಾರಿಯವರೆಲ್ಲರ ಗಂಟು, ಕಾಗದ, ಮಾತು ಅವಳ ಮಡಿಲಲ್ಲಿ ಊರಿಂದೂರಿಗೆ ಹೋಗುತ್ತಿದ್ದವು. ಎಲೆಬುಟ್ಟಿಯ ಒಳಗಿಂದ ಬಟ್ಟೆಯ ಗಂಟು ತೆಗೆದು, "ತಗಳಪ್ಪ, ನಿನ್ನ ಅಳಿಮಯ್ಯನ ಬಾಲ," ಎಂದು ಕೊಟ್ಟಳು.

ಎರಡೂ ಒಂದೇ ಎತ್ತರ, ಒಂದೇ ಹಿಡಿ. ಗುಂಡು ತಲೆಯದರ ಕೂದಲು ಕಪ್ಪು, ಒಂದಿಷ್ಟು ಮಂಕು. ಚಪ್ಪಟೆಯದು ಬಿಳಿ, ರೇಷ್ಮೆಯ ಹೊಳಪು. ಪುಟ್ಟಮಾದಯ್ಯನ ಹೆಂಡತಿ ಸೋಮಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಮಲ್ಲಿಗೆ ಮೊಗ್ಗು ಕಟ್ದಂಗದೆ. ಇದ್ನೇ ಮಡೀಕಳಿ. ಆ ಕರೀದು ಇಲಿಮರಿ ಇದ್ದಂಗದೆ."

"ನೀನು ಮುಡ್ಕೊಳಕೆ ತಂದಿಲ್ಲ ಕಣೆ," ಎಂದ ಪುಟ್ಟಮಾದಯ್ಯ.

ಬಟ್ಟಲಲ್ಲಿ ಸೋಪು ತೇಯ್ದು, ಒಂದಾದ ಮೇಲೊಂದು ನೊರೆ ಎಬ್ಬಿಸಿದ. ತನ್ನ ಮುಖಕ್ಕಾಗಲಿ ಬೇರೆಯವರ ಮುಖಕ್ಕಾಗಲಿ ಮುಟ್ಟಿಸುವಂತಿಲ್ಲವಾದ್ದರಿಂದ ಬಟ್ಟಲಿನಲ್ಲೇ ಪರೀಕ್ಷೆ. ಚಪ್ಪಟೆಯದು ಬೇಗ ನೊರೆ ಎಬ್ಬಿಸಿತು. ಬಟ್ಟಲು ತುಂಬಿ ಹೊರಗೂ ಬಂತು. ಆದರೆ ನೊರೆ ನೀರುನೀರು, ಗುಳ್ಳೆ ದೊಡ್ಡದು, ಊದಿದರೆ ಒಡೆಯುತ್ತಿತ್ತು. ಗುಂಡಿನದು ನಿಧಾನ. ಇಪ್ಪತ್ತು ಸುತ್ತು ಆದ ಮೇಲೆ ನೊರೆ ಬೆಣ್ಣೆಯ ಹಾಗೆ ಮುದ್ದೆಗಟ್ಟಿ ತುದಿಯಲ್ಲಿ ನಿಂತಿತು. ಬ್ರಷ್ಷನ್ನು ತಲೆಕೆಳಗು ಹಿಡಿದರೂ ಬೀಳಲಿಲ್ಲ. ಚಲುವರಾಜುವಿನ ಗಡ್ಡ ಒರಟು, ಚರ್ಮ ಮಾತ್ರ ಹೆಣ್ಣುಮಕ್ಕಳದ್ದರ ಹಾಗೆ ತೆಳು. ಒಳಗೆ ಇಳಿಯುವ ನೊರೆಯೇ ಬೇಕು.

"ಗುಂಡೇ ಸರಿ," ಎಂದು ಅದನ್ನು ತೊಳೆದು ಗೂಡಿನಲ್ಲಿಟ್ಟ. ಚಪ್ಪಟೆಯದನ್ನು ಬಟ್ಟೆಯಲ್ಲಿ ಸುತ್ತಿ ವಹಾಬನಿಗೆ ಹಿಂತಿರುಗಿಸಲೆಂದು ಸೂರಿನ ಗಳಕ್ಕೆ ಸಿಕ್ಕಿಸಿದ. ಕೈ ಹೇಳಿತ್ತು. ಅಲ್ಲಿಗೆ ಮುಗಿದಿತ್ತು.

ಶನಿವಾರ ಚಿಕ್ಕಬೋರಮ್ಮ ಮತ್ತೆ ಬಂದಳು. ಈ ಸಲ ಎಲೆಬುಟ್ಟಿ ಇಳಿಸುವುದಕ್ಕೂ ಮೊದಲೇ ಅಂಗಡಿ ಬಾಗಿಲಿಗೆ ಬಂದು ನಿಂತಳು.

"ಪುಟ್ಮಾದ, ಆ ಸಾಬ ಒಂದ್ ಮಾತ್ ಯೋಳವ್ನೆ. ಗುಂಡುದು ಬ್ಯಾಡ್ವಂತೆ."

"ಏನು ಬ್ಯಾಡ್ವಂತೆ?"

"ಗುಂಡುದು ಕಣಪ್ಪ. ಬಸ್ಸು ಒಂಟೋಗಿತ್ತು. ಓಡ್ ಬಂದ, ಕಿಟಕಿ ಇಡ್ಕಂಡು ಜತೇಲೇ ಓಡ್ದ. 'ಗುಂಡುದು ಬ್ಯಾಡ, ಮುಟ್ಬ್ಯಾಡ ಅಂತ ಯೋಳಮ್ಮ, ಮರೀಬ್ಯಾಡ' ಅಂದ. ಮುಖ ಸುಣ್ಣ ಆಗೋಗಿತ್ತು ಅವಂದು."

"ಯಾಕಂತೆ?"

"ಯಾಕೆ ಅನ್ನಾದ್ ಕೇಳಕೆ ಬಸ್ಸು ನಿಂತ್ಕತದಾ? ಪೆಟ್ರೋಲಿಲ್ದೆ ಇದ್ದಿಲ ಒಲೆ ಮ್ಯಾಲೆ ಓಡೋ ಆ ಬಸ್ಸು ಬಡ್ಕೊಳೋದ್ರಲ್ಲಿ ನನ್ನ ಮಾತೇ ನಂಗೆ ಕೇಳಾಕಿಲ್ಲ. ಅಷ್ಟು ಕೇಳಿದ್ದೇ ಎಚ್ಚು."

"ಗುಂಡುದು ಅಂತ್ಲೇ ಅಂದ್ನಾ?"

"ಗುಂಡೋ ಚಪ್ಪಟೆಯೋ ಅಂತ ಎರಡು ತಂದ್ಕೊಟ್ಟವಳು ನಾನೇ ಅಲ್ವೇನಪ್ಪ. ನಂಗೆ ತಿಳೀದಾ? ಗುಂಡುದು ಬ್ಯಾಡ ಅಂದ. ನನ್ನ ಕಿವಿಗೇನಾಗದೆ?"

ಮುದುಕಿ ಹೋದ ಮೇಲೆ ಪುಟ್ಟಮಾದಯ್ಯ ಗುಂಡು ಬ್ರಷ್ಷನ್ನು ಗೂಡಿನಿಂದ ತೆಗೆದ. ಅರಗು ಸರಿಯಾಗಿ ಹಿಡಿದಿಲ್ಲವೇನೋ, ಕೂದಲು ಉದುರುತ್ತವೇನೋ ಎಂದುಕೊಂಡು ಎರಡು ಬೆರಳಲ್ಲಿ ಜಗ್ಗಿದ. ಒಂದು ಎಳೆಯೂ ಬರಲಿಲ್ಲ. ಮೂಸಿ ನೋಡಿದ. ಅರಗಿನ ವಾಸನೆ, ಸೋಪಿನ ವಾಸನೆ. ಏನು ತಪ್ಪಿದೆ ಇದರಲ್ಲಿ? ಹಿಡಿದ ಕೈಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತಿತ್ತು. ಆದರೆ ಹದಿನೈದು ವರ್ಷದಲ್ಲಿ ವಹಾಬ್ ಬಸ್ಸಿನ ಹಿಂದೆ ಓಡಿ ಮಾತು ಕಳಿಸಿದವನಲ್ಲ. ಕಟ್ಟಿದವನಿಗೆ ಗೊತ್ತಿರುತ್ತದೆ. ಮುಖ ಸುಣ್ಣವಾಗಿತ್ತಂತೆ.

ಮಳವಳ್ಳಿಗೆ ಹೋಗಿ ಕೇಳಿ ಬರೋಣವೆಂದರೆ ಭಾನುವಾರ ಬಸ್ಸಿಲ್ಲ, ಸೋಮವಾರ ಚಪ್ಪರ. ನೆಂಟರು ಆಗಲೇ ಬರತೊಡಗಿದ್ದರು.

ಸೋಮಮ್ಮ ಒಳಗಿಂದ, "ಅದ್ಕೇ ಯೋಳಿದ್ದು, ಆ ಬಿಳೀದು ಎಷ್ಟು ಸಂದಾಗದೆ ಅಂತ. ದೇವ್ರೇ ನನ್ನ ಬಾಯಲ್ಲಿ ಯೋಳಿಸ್ದ," ಎಂದಳು.

ಬೇಡ ಎಂದ ಬ್ರಷ್ಷನ್ನು ಮನೆಯಲ್ಲಿ ಇಟ್ಟುಕೊಳ್ಳಲು ಪುಟ್ಟಮಾದಯ್ಯನಿಗೆ ಮನಸ್ಸಾಗಲಿಲ್ಲ. ಸುಡಲೂ ಆಗದು. ಮದುವೆಯ ಮನೆಯಲ್ಲಿ ಕೂದಲು ಸುಟ್ಟ ವಾಸನೆ ಎದ್ದರೆ ಸ್ಮಶಾನದ ನೆನಪು ಬರುತ್ತದೆ. ಹಿತ್ತಲಿಗೆ ಹೋಗಿ ಕರಿಬೇವಿನ ಬುಡದಲ್ಲಿ ಮೊಳಕೈಯುದ್ದ ಗುಂಡಿ ತೋಡಿದ. ಗುಂಡು ಬ್ರಷ್ಷನ್ನು ಅದರಲ್ಲಿ ಮಲಗಿಸಿ ಮಣ್ಣು ಮುಚ್ಚಿದ. ನಾಯಿ ಕೆದಕದಿರಲಿ ಎಂದು ಮೇಲೊಂದು ಕಲ್ಲು ಇಟ್ಟ. ಕೈ ತೊಳೆದುಕೊಂಡು ಒಳಗೆ ಬಂದು ಸೂರಿನಿಂದ ಚಪ್ಪಟೆ ಬ್ರಷ್ಷನ್ನು ಇಳಿಸಿದ.

ಸೋಮವಾರ ಬೆಳಿಗ್ಗೆ ಚಪ್ಪರದಡಿ ಚಲುವರಾಜುವನ್ನು ಮಣೆಯ ಮೇಲೆ ಕೂರಿಸಿದರು. ಓಲಗದವರು ಇವರ ನೆಂಟರೇ. ಹುಡುಗನ ವಯಸ್ಸಿನವರು ಸುತ್ತ ನಿಂತು ಕೀಟಲೆ ಮಾಡುತ್ತಿದ್ದರು.

"ಮಾವ, ಮೀಸೆ ಒಂದ್ ಕಡೇದು ಬುಡು, ಗುರುತಿಗಿರ್ಲಿ."

"ಸುಮ್ಕಿರ್ಲಾ. ನಿನ್ನ ಮದ್ವೇಲಿ ಮೂಗೇ ತೆಗೀತೀನಿ," ಎಂದ ಪುಟ್ಟಮಾದಯ್ಯ.

ನಗು ಎದ್ದಿತು. ಚಲುವರಾಜುವೂ ಕಣ್ಣು ಮುಚ್ಚಿಕೊಂಡೇ ನಕ್ಕ. ತಾನೇ ಎತ್ತಿ ಆಡಿಸಿದ ಮುಖ. ಮೊದಲ ಸಲ ಮೀಸೆ ತೆಗೆದದ್ದೂ ತಾನೇ. ಪುಟ್ಟಮಾದಯ್ಯ ಬಿಳಿಯ ಬ್ರಷ್ಷನ್ನು ನೀರಿಗೆ ಅದ್ದಿ ನೊರೆ ಎಬ್ಬಿಸಿ ಎಡಗೆನ್ನೆಗೆ ಇಟ್ಟ.

ಕೈಗೆ ಒಗ್ಗಲಿಲ್ಲ. ಕೂದಲು ಬಿರುಸು, ತುದಿ ಸಮನಾಗಿ ಕತ್ತರಿಸಿದಂತಿದ್ದುದರಿಂದ ಅಂಚೆಲ್ಲ ಒಟ್ಟಿಗೆ ಚರ್ಮವನ್ನು ಕೆರೆಯುತ್ತಿತ್ತು. ನೊರೆ ಮೇಲೆ ಮೇಲೆ ನಿಂತು, ಬುಡಕ್ಕೆ ಇಳಿಯಲೇ ಇಲ್ಲ. ಮತ್ತೊಮ್ಮೆ ಹಚ್ಚಿದ. ಮೂರನೆಯ ಸಲವೂ ಒತ್ತಿ ಒತ್ತಿ ತಿಕ್ಕಿದ. ಕೆನ್ನೆ ಕೆಂಪೇರಿತು. ಕತ್ತಿ ಎಳೆದಾಗ ದವಡೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಬಂತು. ಇಪ್ಪತ್ತೈದು ವರ್ಷದಲ್ಲಿ ಮದುವಣಿಗನ ಮುಖದಲ್ಲಿ ಅವನು ರಕ್ತ ತರಿಸಿರಲಿಲ್ಲ.

"ಉರೀತದೇನ್ಲಾ?"

"ಒಸಿ. ಬುಡು ಮಾವ, ಮದ್ವೆ ಅಂದ್ಮೇಲೆ ಉರೀಬೇಕು ತಾನೆ."

ಸ್ಫಟಿಕ ಸವರಿದ. ರಕ್ತ ನಿಂತಿತು. ಉಗುರು ತೆಗೆದ. ಹೆಂಗಸರು ಅರಿಸಿನ ತಂದು ಮುಖ, ಕೈಕಾಲಿಗೆಲ್ಲ ಹಚ್ಚಿದರು. ದವಡೆಯ ಕೆಂಪು ಅರಿಸಿನದ ಕೆಳಗೆ ಮುಚ್ಚಿಹೋಯಿತು.

ಬುಧವಾರ ಮುಹೂರ್ತ. ಹೊತ್ತು ಮೂಡುವ ಮುಂಚೆಯೇ ಮನೆಯ ಮುಂದೆ ಜನ ಸೇರಿದ್ದರು. ಚಲುವರಾಜು ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದ. ಮುಖದ ತುಂಬ ಮತ್ತೆ ಅರಿಸಿನ. ಪಟ್ಟಲಮ್ಮನನ್ನು ಇನ್ನೂ ಒಳಗಿಂದ ಕರೆತಂದಿರಲಿಲ್ಲ. ತಾಳಿಯ ತಟ್ಟೆ ಜನರ ಕೈಯಿಂದ ಕೈಗೆ ಹೋಗುತ್ತಿತ್ತು, ಎಲ್ಲರೂ ಮುಟ್ಟಿ ಹರಸುತ್ತಿದ್ದರು.

ಆಗ ವಹಾಬ್ ಬಂದ. ಕೈಯಲ್ಲಿ ತೆಂಗಿನಕಾಯಿ, ಎಲೆಯಡಿಕೆ. ಹಿಂದಿನ ರಾತ್ರಿ ತಡವಾಗಿ ಮದ್ದೂರಿಗೆ ಬಂದು ಗುರುತಿನವರ ಮನೆಯಲ್ಲಿ ಉಳಿದಿದ್ದನಂತೆ. ಮದುವೆಗೆ ಬಂದವನ ಮುಖವಲ್ಲ ಅದು. ಪುಟ್ಟಮಾದಯ್ಯನನ್ನು ಚಪ್ಪರದ ಕಂಬದ ಮರೆಗೆ ಕರೆದ.

"ನಾನು ಹೇಳಿ ಕಳಿಸಿದ್ದು ಮುಟ್ತು ತಾನೆ ಪುಟ್ಮಾದಣ್ಣ?"

"ಮುಟ್ತು ಸಾಬ್ರೇ. ಆವತ್ತೇ ಹಿತ್ತಲಲ್ಲಿ ಹೂತಾಕ್ದೆ."

ವಹಾಬ್ ಉಸಿರು ಬಿಟ್ಟ. ಕಂಬಕ್ಕೆ ಒರಗಿದ. "ಅಲ್ಲಾ ದೊಡ್ಡೋನು. ನಾಲ್ಕು ದಿನ ನಿದ್ದೆ ಇಲ್ಲ ನಂಗೆ. ಆ ಕೂದ್ಲು ಮಾರ್ದವನು ಶುಕ್ರವಾರ ಹೋಗ್ಬಿಟ್ಟ. ಕೆರಗೋಡಿನ ಕಡೆಯವನು, ಸಂತೇಲಿ ಹಗ್ಗ ಮಾರ್ತಿದ್ದ. ಕೈಯೆಲ್ಲ ಊದಿ, ಕರೀ ಗುಳ್ಳೆ ಎದ್ದು. ಸಾಯೋಕೆ ಮುಂಚೆ ಬಾಯಿ ಬಿಟ್ನಂತೆ, ಹೊಳೆ ಆಚೆ ಗುಂಡಿ ತೋಡಿ ಸತ್ತ ಕುದ್ರೆ ಬಾಲ ಕೊಯ್ಕೊಂಡು ಬಂದೆ ಅಂತ. ಮೊದ್ಲೆಲ್ಲ ಸೋಡಾ ಹಾಕಿ ಕುದಿಸ್ತಿದ್ದೆ. ಈಗ ಸೋಡಾ ಎಲ್ಲಿ? ಬರೀ ತೊಳ್ದು ಕಟ್ಬಿಟ್ಟೆ. ಅದೇ ಕೂದ್ಲಲ್ಲಿ ಕಟ್ಟಿದ್ದ ಸುಣ್ಣದ ಬ್ರಷ್ ಎರಡು ಮನೆಮನೆ ತಿರುಗಿ ವಾಪಸ್ ತಂದು ಸುಟ್ಟೆ. ನಿನ್ನ ಚಪ್ಪಟೆ ಬ್ರಷ್ಷೊಂದೇ ಉಳ್ದಿತ್ತು."

ಓಲಗದ ಸದ್ದಿನಲ್ಲಿ ಪುಟ್ಟಮಾದಯ್ಯನಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಒಳಗೆ ಇಳಿಯಲಿಲ್ಲವೋ.

"ಚಪ್ಪಟೆ?" ಎಂದ. "ನೀವು ಗುಂಡುದು ಬ್ಯಾಡ ಅಂದ್ರಿ."

"ಗುಂಡುದು ಯಾಕೆ ಅನ್ಲಿ? ಅದು ನಮ್ಮ ಮನೇಲಿದ್ದ ಹಳೇ ಕೂದ್ಲಿಂದು. ನಾನು ಅಂದಿದ್ದು ಗುಂಡೀದು. ಗುಂಡೀದು ಬ್ಯಾಡ, ಗುಂಡೀ ಕೂದ್ಲಿಂದು ಮುಟ್ಬ್ಯಾಡ ಅಂತ." ವಹಾಬ್ ಅವನ ಮುಖ ನೋಡಿದ. ಮಾತು ನಿಧಾನವಾಯಿತು. "ಪುಟ್ಮಾದಣ್ಣ. ನೀನು ಯಾವುದನ್ನ ಹೂತೆ?"

ಪುಟ್ಟಮಾದಯ್ಯ ಮನೆಯ ಕಡೆ ತಿರುಗಿದ. ಗುಂಡಿನದು ಹಿತ್ತಲ ಗುಂಡಿಯಲ್ಲಿತ್ತು. ಗುಂಡಿಯದು ಎರಡು ದಿನದ ಹಿಂದೆ ಅವನ ಕೈಯಲ್ಲಿತ್ತು. ಒಳಗೆ ಗೂಡಿನಲ್ಲಿ ಬೆಳ್ಳಗೆ ಹೊಳೆಯುತ್ತ ಇನ್ನೂ ಇತ್ತು. ಆ ಬಿಳುಪನ್ನು ಅವನು ಎಲ್ಲಿ ಕಂಡಿದ್ದನೆಂದು ಈಗ ನೆನಪಾಯಿತು. ಹುಣಸೆಮರದ ಕೆಳಗೆ, ದಿನಾ ಬೆಳಿಗ್ಗೆ, ನಜೀರನ ಬಾಚಣಿಗೆಯ ಕೆಳಗೆ.

ಜನರನ್ನು ಸರಿಸಿಕೊಂಡು ಹಸೆಯ ಹತ್ತಿರ ಹೋದ. ಹೆಗಲ ಮೇಲಿನ ಟವಲನ್ನು ಕಳಶದ ಪಕ್ಕದ ಚೊಂಬಿನ ನೀರಿಗೆ ಅದ್ದಿ, ಚಲುವರಾಜುವಿನ ಎಡ ದವಡೆಯ ಅರಿಸಿನವನ್ನು ಒರೆಸಿದ. ಯಾರೋ ಅತ್ತೆ, "ಏನ್ ಮಾಡ್ತಿದ್ದೀಯಪ್ಪ, ಅರಿಸ್ನ ಅಳಿಸಬಾರ್ದು," ಎಂದರು.

ಕತ್ತಿ ತಾಕಿದ್ದ ಜಾಗದಲ್ಲಿ ಒಂದು ಗುಳ್ಳೆ. ಸುತ್ತ ಸಣ್ಣ ಸಣ್ಣ ನೀರುಗುಳ್ಳೆಗಳು ಮುತ್ತಿನ ಸರದ ಹಾಗೆ. ನಡುವೆ ರಾಗಿ ಕಾಳಿನಷ್ಟು ಕಪ್ಪು. ದವಡೆಯಿಂದ ಕಿವಿಯವರೆಗೆ ಕೆನ್ನೆ ಮೆತ್ತಗೆ ಊದಿತ್ತು. ಇಷ್ಟು ಹೊತ್ತು ಅರಿಸಿನ ಅದನ್ನು ಮದುವಣಿಗನ ಕಳೆ ಎಂದು ತೋರಿಸಿತ್ತು.

ಪುಟ್ಟಮಾದಯ್ಯ ಬಗ್ಗಿ ಮೆಲ್ಲಗೆ ಕೇಳಿದ.

"ನೋಯ್ತದೇನ್ಲಾ?"

"ಇಲ್ಲ ಮಾವ," ಎಂದ ಚಲುವರಾಜು. "ನಿನ್ನೆ ಒಸಿ ತುರಿಸ್ತಿತ್ತು. ಈಗ ಒತ್ತುದ್ರೂ ಗೊತ್ತಾಗಾಕಿಲ್ಲ. ನೋವೇ ಇಲ್ಲ." ಎಂದು ಬೆರಳಿಂದ ಒತ್ತಿ ತೋರಿಸಿ ನಕ್ಕ.

ಆತಗೂರಿನ ಜಗಲಿಯ ಮೇಲೆ ಕೂತು ಕೆಂಪಸಿದ್ದಯ್ಯ ನಕ್ಕದ್ದೂ ಹೀಗೆಯೇ.

ತಾಳಿಯ ತಟ್ಟೆ ಸುತ್ತು ಮುಗಿಸಿ ಹಸೆಯ ಹತ್ತಿರ ಬಂದಿತ್ತು. ಶಾಸ್ತ್ರ ಮಾಡಿಸುತ್ತಿದ್ದ ಅಯ್ಯನವರು, "ಹೆಣ್ಣ ಕರ್ಕೊಂಡ್ ಬನ್ನಿ, ಒತ್ತು ಮೀರ್ತದೆ," ಎಂದು ಎರಡನೆಯ ಸಲ ಕೂಗಿದರು. ಮೂರು ಗಂಟು ಬೀಳಲು ಬೇಕಾದದ್ದು ಇನ್ನೊಂದು ಗಳಿಗೆ. ಅದು ಬಿದ್ದರೆ ತಂಗಿಗೆ ಕೊಟ್ಟ ಮಾತು ತೀರುತ್ತದೆ. ಬಿದ್ದ ನಾಲ್ಕನೆಯ ದಿನಕ್ಕೆ ಮಗಳ ಕೊರಳಿಂದ ಅದನ್ನು ಬಿಚ್ಚುವವರು ಯಾರು? ಪುಟ್ಟಮಾದಯ್ಯ ಎರಡೂ ಕೈಯಿಂದ ಚಲುವರಾಜುವಿನ ಬಾಸಿಂಗವನ್ನು ಬಿಚ್ಚಿ ಹಸೆಯ ಮೇಲೆ ಇಟ್ಟ.

"ಓಲಗ ನಿಲ್ಸಿ," ಎಂದ.

ಓಲಗ ನಿಂತಿತು. ಸೋಮಮ್ಮ ಅಡಿಗೆಯ ಕಡೆಯಿಂದ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಏನಾಯ್ತು? ಯಾಕ್ ಬಾಸಿಂಗ ತೆಗುದ್ರಿ?"

"ತಾಳಿ ಇವತ್ತು ಬ್ಯಾಡ. ಇವನ್ನ ಮಂಡ್ಯ ಆಸ್ಪತ್ರೆಗೆ ಕರ್ಕೊಂಡ್ ಓಯ್ತೀನಿ."

"ಒಂದ್ ಗುಳ್ಳೆಗಾ?" ಎಂದಳು ಅವಳು. ಹಿಂದಿನಿಂದ ಯಾರೋ, "ಒಂದ್ ಗುಳ್ಳೆಗೆ ಮೂರ್ತ ತಪ್ಪಿಸ್ತಾರಾ? ಆಸ್ಪತ್ರೆ ಎಲ್ಲೂ ಓಡೋಗಾಕಿಲ್ಲ," ಎಂದರು. ಇನ್ನೊಬ್ಬರು, "ಮಗಳ್ನ ಕೊಡಾಕ್ ಮನಸಿಲ್ಲ ಅಂದ್ರೆ ಮೊದ್ಲೇ ಯೋಳ್ಬೇಕಿತ್ತು," ಎಂದರು. ಪುಟ್ಟಮಾದಯ್ಯ ಚಲುವರಾಜುವಿನ ತೋಳು ಹಿಡಿದು ಎಬ್ಬಿಸಿದ. ನಾನೇ ಹಚ್ಚಿದೆ ಎಂದು ಯಾವ ಬಾಯಲ್ಲಿ ಹೇಳುವುದು?

ವಹಾಬ್ ಆಗಲೇ ಬೀದಿಗೆ ಹೋಗಿ ನಜೀರನ ಜಟಕಾ ಕರೆತಂದಿದ್ದ. ಹೊಸ ಕುದುರೆ ಜನಜಂಗುಳಿಗೆ ಬೆದರಿ ತಲೆ ಕೊಡವುತ್ತಿತ್ತು. ಪುಟ್ಟಮಾದಯ್ಯ ಒಳಗೆ ಹೋಗಿ ಗೂಡಿನ ಬ್ರಷ್ಷನ್ನು ಚಿಮ್ಮಟದಲ್ಲಿ ಹಿಡಿದು ಎತ್ತಿ, ಅಡಿಗೆಯ ಕೋಡಿ ಒಲೆಯ ಉರಿಗೆ ಎಸೆದ. ಬಿಳಿಯ ಕೂದಲು ಒಂದೇ ಗಳಿಗೆಯಲ್ಲಿ ಸುರುಟಿ ಕಪ್ಪಾಯಿತು. ಮದುವೆಯ ಮನೆಯ ತುಂಬ ಆ ವಾಸನೆ ಹರಡಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಹೊರಗೆ ಬಂದಾಗ ಪಟ್ಟಲಮ್ಮ ಧಾರೆಸೀರೆಯಲ್ಲೇ ಜಟಕಾದ ಒಳಗೆ ಚಲುವರಾಜುವಿನ ಪಕ್ಕ ಕೂತಿದ್ದಳು.

"ಇಳಿಯವ್ವ," ಎಂದ ಪುಟ್ಟಮಾದಯ್ಯ. "ತಾಳಿ ಆಗಿಲ್ಲ. ಜನ ಏನಂದಾರು?"

"ತಾಳಿ ಆಮ್ಯಾಕೂ ಕಟ್ಬೋದು. ಅಂದ್ಕೊಳ್ಳೋರು ಆಗ್ಲೇ ಅಂದ್ಕೊಂಡವ್ರೆ," ಎಂದಳು ಅವಳು. "ರೈಲು ಎಷ್ಟೊತ್ತಿಗಪ್ಪ?"

ರೈಲು ಆ ದಿನ ತಡವಾಗಿ ಬಂತು. ಸೈನಿಕರ ಗಾಡಿಗೆ ದಾರಿ ಬಿಡಬೇಕಿತ್ತಂತೆ. ಕಿಟಕಿಯ ಹತ್ತಿರ ಚಲುವರಾಜುವನ್ನು ಕೂರಿಸಿ, ಎದುರಿಗೆ ಅಪ್ಪ ಮಗಳು ಕೂತರು. ಹೊರಗೆ ಕಬ್ಬಿನ ಗದ್ದೆಗಳು, ನಾಲೆಯ ನೀರು, ಬಿಸಿಲು. ಒಳಗೆ ಚಲುವರಾಜುವಿನ ಕೆನ್ನೆ ಒಂದೊಂದು ಸ್ಟೇಷನ್ನಿಗೂ ಒಂದಿಷ್ಟು ಏರುತ್ತಿತ್ತು. ಎಡಗಣ್ಣಿನ ಕೆಳರೆಪ್ಪೆ ನೀರು ತುಂಬಿದ ಚೀಲದ ಹಾಗೆ ಉಬ್ಬಿ, ಮಂಡ್ಯಕ್ಕೆ ಇನ್ನೂ ಒಂದು ಸ್ಟೇಷನ್ನು ಇರುವಾಗಲೇ ಕಣ್ಣು ಮುಚ್ಚಿಹೋಯಿತು. ಗುಳ್ಳೆಯ ಕಪ್ಪು ಈಗ ಕಾಸಿನಗಲ ಆಗಿತ್ತು.

ಪಟ್ಟಲಮ್ಮ ಸೀರೆಯ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು. ಬಗ್ಗಿ ಏನೋ ಕೇಳಿದಳು. ಅವನು ತಲೆಯಾಡಿಸಿದ. ಬಾಯಿಯ ಒಂದು ಕಡೆಯಿಂದ ನಗಲು ನೋಡಿದ. ಅವಳ ಮುಖ ಒಂದಿಷ್ಟು ತಿಳಿಯಾಯಿತು. ಅಪ್ಪನ ಕಡೆ ತಿರುಗಿದಳು.

"ಒಸಿಯೂ ನೋವಿಲ್ವಂತೆ ಕಣಪ್ಪ," ಎಂದಳು. "ಸುಮ್ಕೆ ಎದುರ್ಕೊಂಡ್ಯಲ್ಲ ನೀನು."

ಪುಟ್ಟಮಾದಯ್ಯ ಹೂಂ ಎಂದ. ಆ ಬ್ರಷ್ಷು ಹಿಡಿದಿದ್ದ ತನ್ನ ಬಲಗೈಯನ್ನು ಯಾರಿಗೂ ತಾಕದಂತೆ ಟವಲಿನೊಳಗೆ ಸುತ್ತಿಕೊಂಡು, ಕಿಟಕಿಯಾಚೆ ಮಂಡ್ಯದ ಕಾರ್ಖಾನೆಯ ಹೊಗೆ ಕಾಣಿಸುತ್ತದೆಯೇ ಎಂದು ನೋಡುತ್ತ ಕೂತ.